ದರ್ಗಾದ ಮುಂದಿನ ಗಟ್ಟಿ ಹಾದಿ

ಸಿರವಾರದಿಂದ ದೇವದುರ್ಗಕ್ಕೆ ಹೋಗುವ ರಸ್ತೆಯಲ್ಲಿ ನಮ್ಮೂರ ದರ್ಗಾದ ಮುಂದಿನ ತುಣುಕು ಮಾತ್ರ ಮಳೆಗೆ ಎಂದೂ ಕೆಡುತ್ತಿರಲಿಲ್ಲ. ಉಳಿದದ್ದೆಲ್ಲ ಎರೆ ನೆಲ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು, ಮಳೆಗಾಲದಲ್ಲಿ ಗಾಲಿ ಹೂತುಹೋಗುವಷ್ಟು ಕೆಸರು. ಪ್ರತಿ ವರ್ಷ ದೂರದ ಗುಡ್ಡದಿಂದ ಲಾರಿಯಲ್ಲಿ ಗರಸು ಮಣ್ಣು ತಂದು ಸುರಿಯುವರು. ಒಂದೇ ಮಳೆಗಾಲಕ್ಕೆ ನೆಲ ಅದನ್ನು ನುಂಗಿಬಿಡುವುದು. ಬಸ್ಸು ನಿಂತುಹೋದರೆ ಮಾನ್ವಿಯ ಸಂತೆಗೆ ಹೋಗಬೇಕಾದ ಬದನೆ, ಮೆಣಸಿನಕಾಯಿ ಊರಲ್ಲೇ ಬಾಡುವವು. ದರ್ಗಾದ ಮುಂದೆ ಮಾತ್ರ ಬಂಡಿ ಸಲೀಸಾಗಿ ದಾಟುವುದು. ಅದು ಪೀರರ ಬರಕತ್ತು, ಅವರ ಆಶೀರ್ವಾದ ಎಂದು ಊರು ನಂಬಿತ್ತು. ದರ್ಗಾದ ಸೇವೆ ನೋಡಿಕೊಳ್ಳುವ ಮುಜಾವರನಾದ ನಾನೂ ನಂಬಿದ್ದೆ. ಆದರೂ ಬರಕತ್ತು ನೆಲದೊಳಗೆ ಹೇಗೆ ಇಳಿಯುತ್ತದೆ ಎಂದು ಒಮ್ಮೊಮ್ಮೆ ಯೋಚಿಸುತ್ತಿದ್ದೆ.

೧೯೭೮ರ ಬೇಸಿಗೆ. ನನ್ನ ಹೆಂಡತಿ ಕುಬ್ರಾ ಬೇಗಂ ತೀರಿಕೊಂಡು ಇನ್ನೂ ಒಂದು ಮಳೆಯೂ ಬಿದ್ದಿರಲಿಲ್ಲ. ಅವಳ ಸಮಾಧಿಯ ಮಣ್ಣು ಹೊಸದಾಗಿಯೇ ಕಾಣುತ್ತಿತ್ತು. ಒಂದು ಮುಂಜಾನೆ ಫಾತಿಹಾ ಓದಲು ದಿಬ್ಬದ ಮೇಲಿನ ಕಬರಸ್ತಾನಕ್ಕೆ ಹೋದಾಗ ಅವಳ ತಲೆಯ ಹತ್ತಿರವೇ ಒಂದು ಗೂಟ ನೆಟ್ಟಿತ್ತು. ರಸ್ತೆಯ ಓವರ್‌ಸಿಯರ್ ತಾಯಪ್ಪ ಅಳತೆಯ ಸರಪಳಿ ಹಿಡಿದು ನಿಂತಿದ್ದ.

"ಏನ್ರೀ ಇದು, ಸಾಹೇಬ್ರ?"

"ಹಳಿ ರಸ್ತಾ ನಿಲ್ಲಂಗಿಲ್ಲ, ಮುಜಾವರ. ಈ ದಿಬ್ಬದ ಮ್ಯಾಲೆ ಹೊಸದು ಹಾಕ್ಬೇಕಂತ ಅದ. ಕಬರಸ್ತಾನದ ಅಂಚು ಸ್ವಲ್ಪ ಹೋಗ್ತದ."

"ಆ ಅಂಚಿನಾಗ ನನ್ನ ಮನಿಯಾಕಿ ಮಲಗ್ಯಾಳ."

ತಾಯಪ್ಪ ಗೂಟವನ್ನೂ ನನ್ನನ್ನೂ ನೋಡಿದ. ಕೆಟ್ಟವನಲ್ಲ. ತಲೆ ತಗ್ಗಿಸಿ, "ಹಳಿ ರಸ್ತಾ ಗಟ್ಟಿ ನಿಲ್ತದಂತ ತೋರ್ಸಿದ್ರ ಮ್ಯಾಲಿನವ್ರಿಗೆ ಹೇಳಬಹುದು. ದರ್ಗಾದ ಮುಂದ ಯಾಕ ಗಟ್ಟಿ ಅದ? ನನಗೂ ತಿಳೀವಲ್ದು. ಒಂದೀಟು ಅಗದು ನೋಡ್ಲೇನು?" ಎಂದ.

ಪಕ್ಕದ ಹೊಲದ ಹುಸೇನಪ್ಪ ಅಷ್ಟರಲ್ಲಿ ಬಂದಿದ್ದ. ನನ್ನ ಓರಗೆಯವ, ಪೀರರಿಗೆ ನಡೆದುಕೊಳ್ಳುವ ಮನೆತನದವ.

"ಪೀರಪ್ಪನ ಅಂಗಳಕ್ಕ ಹಾರಿ ಹಾಕ್ತೀರೇನು? ಇಷ್ಟು ವರ್ಷ ನೀವು ತಂದ ಗರಸೆಲ್ಲಾ ತಿಂದರೂ ಈ ನೆಲದ ಹೊಟ್ಟಿ ತುಂಬಿಲ್ಲ. ಈಗ ಗಟ್ಟಿ ಇದ್ದದ್ದನ್ನೂ ಕೆಡಿಸಿ ಹೋಗ್ರಿ," ಎಂದ.

ನನಗೂ ಅಂಜಿಕೆಯಾಯಿತು. ಅಗೆದಾಗ ಏನೂ ಸಿಗದಿದ್ದರೆ ಸಮಾಧಿ ಹೋಗುತ್ತದೆ. ಏನಾದರೂ ಸಿಕ್ಕರೆ ಬರಕತ್ತೇ ಸುಳ್ಳೆಂದು ಜನ ಆಡಿಕೊಂಡಾರು. ಮಧ್ಯಾಹ್ನದ ಜೋಹರ್ ನಮಾಜು ಮುಗಿಸಿ ಬಂದು ಹೇಳಿದೆ: "ಅಗೀರಿ. ಅಲ್ಲಾ ಇಟ್ಟದ್ದು ಅಗದ್ರ ಓಡಿ ಹೋಗಂಗಿಲ್ಲ."

ಹಾರೆ ಇಳಿಯಿತು. ಮೇಲಿನ ಕಲ್ಲುಪುಡಿ ಸರಿಸಿದ ಮೇಲೆ ಬೂದುಬಣ್ಣದ ಮಣ್ಣು, ಅದರೊಳಗೆ ಬಳ್ಳಿಗಳಂತೆ ಇಳಿದ ಬಿಳಿ ಗೆರೆಗಳು. ಹುಸೇನಪ್ಪ ಬಗ್ಗಿ ಒಂದು ಚೂರನ್ನು ನಾಲಿಗೆಗೆ ಮುಟ್ಟಿಸಿಕೊಂಡ.

"ಸುಣ್ಣ," ಎಂದ. "ಎಲಿ ಅಡಿಕಿ ಒಂದು ಇದ್ದಿದ್ರ ಚಲೋ ಇತ್ತು."

ನನಗೆ ಕುಬ್ರಾಳ ಸುಣ್ಣದ ಹಂಡೆ ನೆನಪಾಯಿತು.

ಬೇಸಿಗೆಗೊಮ್ಮೆ ದರ್ಗಾಕ್ಕೆ ಸುಣ್ಣ ಬಳಿಯುವುದು ನಮ್ಮ ಮನೆಯ ಹೆಂಗಸರ ಹರಕೆ. ದರ್ಗಾದ ಹೆಸರಿನಲ್ಲಿ ಕದಡಿದ ಸುಣ್ಣವನ್ನು ಮನೆಗೆ ಒಯ್ಯಬಾರದೆಂಬ ನೇಮ. ನನ್ನ ತಾಯಿ ಉಳಿದದ್ದನ್ನು ದರ್ಗಾದ ಮುಂದಿನ ರಸ್ತೆ ಬೇಸಿಗೆಗೆ ಬಿಡುವ ಬಿರುಕುಗಳಿಗೆ ಸುರಿಯುತ್ತಿದ್ದಳು. ಅವಳ ನಂತರ ಕುಬ್ರಾ. ಆಡಿನ ಮರಿಗಳ ಕಾಲು ಬಿರುಕಿನಲ್ಲಿ ಸಿಕ್ಕಿ ಮುರಿಯಬಾರದೆಂದು ಅವಳು ಬೇಕೆಂದೇ ಒಂದು ಹಂಡೆ ಹೆಚ್ಚಿಗೆ ಕದಡುವಳು. ದುಂದು ಎಂದು ನಾನು ರೇಗಿಸಿದರೆ ನಗುವಳು.

ನಾನು ಇದನ್ನೆಲ್ಲ ಹೇಳಿದಾಗ ತಾಯಪ್ಪ ಎರಡು ಮಣ್ಣಿನ ಹೆಂಟೆ, ಹೊಲದ್ದೊಂದು ರಸ್ತೆಯದೊಂದು, ತಂದು ನೀರಿನ ತಟ್ಟೆಯಲ್ಲಿಟ್ಟ. ಹೊಲದ ಹೆಂಟೆ ಉಬ್ಬಿ, ಕರಗಿ ರಾಡಿಯಾಯಿತು. ರಸ್ತೆಯದು ಸಂಜೆಯವರೆಗೂ ಇಟ್ಟಂತೆಯೇ ಇತ್ತು.

"ಇದ್ದ ಮಣ್ಣಿಗೇ ಸುಣ್ಣ ಬೆರಸಿ ಬಡದ್ರ ಗರಸು ತರೋ ಖರ್ಚು ಉಳೀತದ. ವರ್ಷಾ ವರ್ಷಾ ಲಾರಿನೂ ಬೇಕಿಲ್ಲ," ಎಂದ. ಅವನ ಕಣ್ಣು ಹುಡುಗನ ಕಣ್ಣಿನಂತಿತ್ತು.

ಮೇಲಿನವರು ಮೊದಲು ನಂಬಲಿಲ್ಲ. ತಾಯಪ್ಪ ಅಂಥವೇ ಎರಡು ಹೆಂಟೆಗಳನ್ನು ರಾಯಚೂರಿಗೇ ಒಯ್ದು ನೀರಿನಲ್ಲಿಟ್ಟು ತೋರಿಸಿದ. ದರ್ಗಾದಿಂದ ಹಳ್ಳದವರೆಗೆ ಸುಣ್ಣ ಬೆರೆಸಿ ನೋಡಲು ಒಪ್ಪಿಗೆ ಸಿಕ್ಕಿ, ಮಳೆಗೆ ಮುಂಚೆಯೇ ಕೆಲಸ ಮುಗಿಯಿತು. ಆ ಮಳೆಗಾಲದಲ್ಲಿ ನಾನು ದಿನವೂ ಕೊಡೆ ಹಿಡಿದು ಹೋಗಿ ರಸ್ತೆಯನ್ನು ತುಳಿದು ನೋಡುತ್ತಿದ್ದೆ. ಬಸ್ಸು ಅಲ್ಲಿ ಒಮ್ಮೆಯೂ ಹೂತುಹೋಗಲಿಲ್ಲ. ದಸರೆಯ ಹೊತ್ತಿಗೆ ತಾಯಪ್ಪ ತಾನೇ ಬಂದು ಕಬರಸ್ತಾನದ ಗೂಟ ಕಿತ್ತ.

"ಹಂಗಾದ್ರ ಬರಕತ್ತು ಅನ್ನೋದು ಬರೇ ಸುಣ್ಣೇನು?" ಎಂದು ಹುಸೇನಪ್ಪ ಕೆಣಕಿದ.

"ಉಳದ ಸುಣ್ಣ ಮನಿಗಿ ಒಯ್ಯಬ್ಯಾಡ ಅಂತ ಮನಸಿನಾಗ ಹಾಕಿದಾಂವ ಯಾರು?" ಎಂದೆ.

ಮರುವರ್ಷ ರಸ್ತೆಗೆ ಡಾಂಬರು ಬಿತ್ತು. ಆ ಬೇಸಿಗೆ ಸುಣ್ಣ ಕದಡಲು ನಾನೇ ಕುಳಿತೆ, ಕುಬ್ರಾ ಮಾಡುತ್ತಿದ್ದಂತೆ ಒಂದು ಹಂಡೆ ಹೆಚ್ಚಿಗೆ. ಬಳಿದು ಮುಗಿದ ಮೇಲೆ ನಾನೂ ಹುಸೇನಪ್ಪನೂ ಹಂಡೆ ಹಿಡಿದು ರಸ್ತೆಯಲ್ಲಿ ನಿಂತೆವು. ಸುರಿಯಲು ಒಂದು ಬಿರುಕೂ ಇಲ್ಲ.

"ಈಗ ಎಲ್ಲಿ ಹಾಕೋದೋ ಮಾರಾಯ?" ಎಂದ ಹುಸೇನಪ್ಪ.

ಕಬರಸ್ತಾನಕ್ಕೆ ಹೋಗುವ ಕಾಲುದಾರಿ ಎರೆ ನೆಲದ್ದೇ. ಅಲ್ಲಿ ಅಂಗೈ ಅಗಲದ ಬಿರುಕುಗಳಿದ್ದವು. ಬಿಸ್ಮಿಲ್ಲಾ ಎಂದು ಮೊದಲನೆಯದಕ್ಕೆ ಸುರಿದೆ.