ವಸಂತಿ ಒತ್ತಿದ ತೋಟೆಗಳು

ಸ್ಟ್ರೆಚರಿನ ಚಕ್ರ ಮರಳಿನಲ್ಲಿ ಹೂತುಕೊಂಡಿತು. ವಸಂತಿಯ ಗಂಡ ದೂಮಪ್ಪ ಎಳೆದ, ಬರಲಿಲ್ಲ. ಅವಳ ಕ್ಲಬ್ಬಿನವರಾದ ಕ್ಯಾಸ್ಮಿರ್ ಮತ್ತು ಶಿಹಾಬ್ ಎರಡೂ ಕಡೆಯಿಂದ ಕೈಹಾಕಿ ಎತ್ತಿ ವಸಂತಿಯ ದೇಹವನ್ನು ಸ್ಮಶಾನದ ನೆರಳಿಗೆ ತಂದರು.

ಬೆಂಕಿ ಕೊಡಬೇಕಾಗಿದ್ದವನು ದೂಮಪ್ಪನ ಅಣ್ಣನ ಮಗ ಸುಮಿತ್. ಹೆಂಡತಿಗೆ ಗಂಡ ಬೆಂಕಿ ಕೊಡುವ ರೂಢಿ ತಮ್ಮ ಮನೆತನದಲ್ಲಿಲ್ಲ ಎಂದು ಊರಿನ ಹಿರಿಯರು ಫೋನಿನಲ್ಲಿ ಹೇಳಿದ್ದರು. ಸಲಾಲಾದಿಂದ ಮಸ್ಕತ್ತಿಗೆ ಹೊರಟಿದ್ದ ಸುಮಿತ್‌ನ ಕಾರು ನಡುದಾರಿಯ ಮರುಭೂಮಿಯಲ್ಲಿ, ಹೈಮಾದ ಹತ್ತಿರ ಕೆಟ್ಟು ನಿಂತಿತ್ತು. ಮಧ್ಯಾಹ್ನಕ್ಕೆ ಸ್ಮಶಾನವನ್ನು ಬೇರೊಂದು ಮನೆಯವರು ಕೇಳಿಟ್ಟಿದ್ದರು.

ವಾದಿ ಅದಾಯ್ ಬಡಾವಣೆಯಲ್ಲಿ ಪಕ್ಕದ ಮನೆಯವರಾದ ಮೈಸೂರಿನ ಶ್ರೀನಿವಾಸಮೂರ್ತಿ, ಮಧ್ಯಾಹ್ನಕ್ಕೆ ಕೇಳಿಟ್ಟವರನ್ನೇ ಒಪ್ಪಿಸಿ ಸಂಜೆವರೆಗೆ ಕಾಯೋಣ ಎಂದರು. ವಸಂತಿಯ ಮಗಳು ಪ್ರಣೀತಾ ಅಮ್ಮನ ಪಾದದ ಬಳಿ ಕೂತಿದ್ದಳು. ಅವಳನ್ನು ಯಾರೂ ಕೇಳಿರಲಿಲ್ಲ.

*

ವಸಂತಿ ಮಸ್ಕತ್ತಿನ ಒಂದು ಶೂಟಿಂಗ್ ಕ್ಲಬ್ಬಿನ ಆಫೀಸಿಗೆ ಟೈಪಿಸ್ಟ್ ಆಗಿ ಸೇರಿದವಳು. ಬಂದೂಕು ರಿಪೇರಿಯ ಕ್ಯಾಸ್ಮಿರ್‌ಗೆ ಕಣ್ಣು ಮಂಜಾದಾಗ ಅವನ ಮೇಜಿನಲ್ಲಿ ಕೂತು ಕೆಲಸ ಕಲಿತಳು. ಹಾರಿಸಿದ ತೋಟೆಗಳ ಹಿತ್ತಾಳೆ ಕೊಳವೆಯನ್ನು ಅಚ್ಚಿನಲ್ಲಿ ಒತ್ತಿ, ಮತ್ತೆ ಮದ್ದು ಗುಂಡು ತುಂಬುವುದು ಆ ಕೆಲಸ.

ಹಾರಿಸಿದಾಗ ಕೊಳವೆ ಆ ಬಂದೂಕಿನ ಒಳಗಿನ ಆಕಾರಕ್ಕೇ ಉಬ್ಬುತ್ತದೆ. ಬಾಯಿಯ ಹತ್ತಿರದ ಕುತ್ತಿಗೆಯನ್ನಷ್ಟೇ ಒತ್ತಿದರೆ ಅದೇ ಬಂದೂಕಿಗೆ ಹೇಳಿ ಮಾಡಿಸಿದಂತೆ ಕೂರುತ್ತದೆ, ಬೇರೆಯದಕ್ಕೆ ಹೋಗದೆಯೂ ಇರಬಹುದು. ಪೂರ್ತಿ ಒತ್ತಿದರೆ ಆ ಅಳತೆಯ ಯಾವ ಬಂದೂಕಿಗೂ ಆಗುತ್ತದೆ. ಪ್ರಣೀತಾ ಕ್ಲಬ್ಬಿನ ತಂಡ ಸೇರಿದ ಮೇಲೆ ವಸಂತಿ ಮಗಳ ತೋಟೆಗಳ ಕುತ್ತಿಗೆಯನ್ನು ಮಾತ್ರ ಒತ್ತುತ್ತಿದ್ದಳು. ಪ್ರಣೀತಾಳ ಗುಂಡುಗಳು ಗುರಿಹಲಗೆಯಲ್ಲಿ ಒಂದರ ಪಕ್ಕ ಒಂದು ಬೀಳುತ್ತಿದ್ದವು.

ನಿಜ್ವಾ ಊರಿನಲ್ಲಿ ನಡೆದ ಸ್ಪರ್ಧೆಯಲ್ಲಿ ಅವಳ ಬಂದೂಕಿನ, ತೋಟೆ ಸಿಡಿಸುವ ಪಿನ್ನು ಮುರಿಯಿತು. ಕ್ಯಾಸ್ಮಿರ್ ಬೇರೆ ಬಂದೂಕು ಕೊಟ್ಟ. ತೋಟೆ ಒಳಗೆ ಪೂರ್ತಿ ಹೋಗಲಿಲ್ಲ, ಬೋಲ್ಟ್ ಮುಚ್ಚಲಿಲ್ಲ. ಪ್ರಣೀತಾ ಹೊರಗೆ ಕೂತಳು.

ಮಾರನೆಯ ದಿನ ವಸಂತಿ ಅಚ್ಚು ಬದಲಾಯಿಸಿ, ಕೊಳವೆಯನ್ನು ಪೂರ್ತಿ ಒತ್ತತೊಡಗಿದಳು.

"ಅಮ್ಮ, ನನ್ನ ಗುರಿ ಕೆಡ್ತದೆ."

"ಕೆಡ್ತದೆ, ಸ್ವಲ್ಪ ದಿನ. ಆದ್ರೆ ಇನ್ನು ಯಾವ ಬಂದೂಕು ಕೊಟ್ರೂ ನೀನು ಹೊರಗೆ ಕೂರುವುದು ಬೇಡ."

ಗುರಿ ಕೆಟ್ಟಿತು. ಪ್ರಣೀತಾ ಅಮ್ಮನ ಹತ್ತಿರ ಮಾತು ಬಿಟ್ಟಳು. ವಸಂತಿ ಬೇರೆ ಬಂದೂಕಿಗೂ ಆಗುವ ಹಾಗೆಯೇ ಅಚ್ಚನ್ನು ಕೂದಲೆಳೆಯಷ್ಟು ಸಡಿಲಿಸುತ್ತ, ಒತ್ತಿದ ತೋಟೆಗಳನ್ನು ಮಗಳ ಮುಂದೆ ಸುಮ್ಮನೆ ಇಟ್ಟುಹೋಗುತ್ತಿದ್ದಳು. ತಿಂಗಳು ಕಳೆಯುವಷ್ಟರಲ್ಲಿ ಗುಂಡುಗಳು ಮತ್ತೆ ಹತ್ತಿರ ಬಂದವು. ಮುಂದಿನ ಸ್ಪರ್ಧೆಯಲ್ಲಿ ಶಿಹಾಬ್‌ನ ಮಗಳಿಗೆ ತೋಟೆ ಸಾಲದೆ ಹೋದಾಗ ಪ್ರಣೀತಾ ತನ್ನದನ್ನು ಕೊಟ್ಟಳು. ಆ ಹುಡುಗಿ ಇವಳನ್ನೇ ಸೋಲಿಸಿದಳು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ವಸಂತಿ. ಮನೆಗೆ ಬರುವಾಗ ಕಾರಿನಲ್ಲಿ ತಾಯಿ ಮಗಳು ಅದನ್ನೇ ನೆನೆದು ನಕ್ಕಿದ್ದರು.

*

"ಅಪ್ಪ, ನಾನು ಕೊಡ್ತೇನೆ" ಎಂದಳು ಪ್ರಣೀತಾ.

ಶ್ರೀನಿವಾಸಮೂರ್ತಿ ಬೇಡವೆಂದು ತಲೆಯಾಡಿಸಿದರು. "ಸುಮಿತ್ ಬರೋವರೆಗೆ ತಡೀಮ್ಮ. ನಾಳೆ ಊರಿನೋರು ಒಂದು ಮಾತಾಡೋದು ಬೇಡ."

ದೂಮಪ್ಪ ಹೆಂಡತಿಯ ಮುಖವನ್ನು ತುಂಬ ಹೊತ್ತು ನೋಡಿದ. ಮದುವೆಯಾದಂದಿನಿಂದ ಊರಿನವರ ಮಾತು ಮೀರಿದವನಲ್ಲ. ಮಗಳು ಬಂದೂಕು ಹಿಡಿಯುತ್ತಾಳೆಂದು ಊರಲ್ಲಿ ಆಡಿಕೊಂಡಾಗಲೂ ಉತ್ತರ ಕೊಟ್ಟವಳು ವಸಂತಿ, ಅವನಲ್ಲ.

"ಸುಮಿತ್ ಬಂದವನು ಊಟ ಮಾಡ್ಲಿ" ಎಂದ. "ಇಲ್ಲಿ ಇವಳಿದ್ದಾಳಲ್ಲ."

ಫೋನು ಹಚ್ಚಿ ಸುಮಿತ್‌ಗೂ ತಿಳಿಸಿದ. ಅವನು, ಅವಳೇ ಕೊಡಲಿ ಚಿಕ್ಕಪ್ಪ, ನನಗೆ ಬೇಜಾರಿಲ್ಲ ಎಂದನಂತೆ.

ಶ್ರೀನಿವಾಸಮೂರ್ತಿ ಎದ್ದು ಹೋಗಿ ಮಡಕೆಗೆ ನೀರು ತುಂಬಿಸಿ ತಂದು, ತಾವೇ ಅವಳ ಹೆಗಲ ಮೇಲೆ ಇಟ್ಟರು. "ಹುಷಾರು ಮಗು, ಭಾರ ಇದೆ" ಎಂದರು.

ಪ್ರಣೀತಾ ಚಿತೆಗೆ ಸುತ್ತು ಬಂದಳು. ಮಡಕೆಯನ್ನು ಬೆನ್ನ ಹಿಂದೆ ಬಿಟ್ಟಳು. ಕೊಳ್ಳಿ ಹಿಡಿದಾಗ, ಬಂದೂಕಿನಲ್ಲಿ ಗುರಿಯಿಡುವಾಗಿನಂತೆ ಉಸಿರೆಳೆದು, ಅರ್ಧ ಹೊರಗೆ ಬಿಟ್ಟು, ಬಿಗಿಹಿಡಿದು, ಮುಟ್ಟಿಸಿದಳು. ಬೆಂಕಿ ಹತ್ತಿಕೊಂಡಿತು.

ಹಿಂತಿರುಗಿ ನೋಡದೆ ಹೊರಗೆ ನಡೆಯಬೇಕು ಎಂದು ಯಾರೋ ನೆನಪಿಸಿದರು. ದೂಮಪ್ಪ ಮುಂದೆ ಹೊರಟ. ಗೇಟಿನಾಚೆ ಕ್ಲಬ್ಬಿನ ಹುಡುಗಿಯರು ನೀರಿನ ಬಾಟಲಿ ಹಿಡಿದು ಕಾಯುತ್ತಿದ್ದರು. ನಾಲ್ಕು ಹೆಜ್ಜೆ ಇಟ್ಟವನು ನಿಂತ. ಕತ್ತು ತಿರುಗಿಸದೆ, ಒಂದು ಕೈಯನ್ನು ಮಾತ್ರ ಹಿಂದಕ್ಕೆ ಚಾಚಿದ. ಮಗಳು ಬಂದು ಹಿಡಿಯುವ ತನಕ ಅದನ್ನು ಹಾಗೆಯೇ ಚಾಚಿಕೊಂಡಿದ್ದ.