ನಾಗಲಕ್ಷ್ಮಮ್ಮ ಹೇಳಿದ ಕಿವಿ

ಕಿವಿ, ಅದೇ ಕಿವಿ, ಕಾಫಿ ಲೋಟ ತುಟಿಯ ಹತ್ತಿರ ಬಂದು ನಿಂತಿದೆ, ಟಿವಿ ಪರದೆಯ ಮೇಲೆ ಒಂದು ಕ್ಷಣ ಬಂದು ಹೋಯಿತು, ಈಗ ಅಲ್ಲಿ ಹೆಲಿಕಾಪ್ಟರು, ಮಣ್ಣುಗೋಡೆಯ ಮನೆ, ನಕ್ಷೆಯ ಮೇಲೆ ಕೆಂಪು ಬಾಣ — ಇನ್ನೊಂದು ಸಲ ತೋರಿಸಲಿ, ಒಂದೇ ಸಲ — ಹನುಮಂತನಗರದ ಈ ದರ್ಶಿನಿಯಲ್ಲಿ ಬೆಳಿಗ್ಗೆ ಏಳೂವರೆಗೆ ಇಷ್ಟು ಜನ ತಿಂಡಿ ಮರೆತು ನಿಂತದ್ದನ್ನು ನಾನು ಕಂಡಿಲ್ಲ, ದೋಸೆ ಹುಯ್ಯುವವನೂ ಸಟ್ಟುಗ ಹಿಡಿದು ಹೊರಗೆ ಬಂದಿದ್ದಾನೆ, ನಸುಕಿನಲ್ಲಿ ಗಡಿಯಾಚೆ ಇಳಿದ ನಮ್ಮ ಕಮಾಂಡೋಗಳು ಅವನನ್ನು ಕೊಂದರಂತೆ, ಹದಿನೇಳು ವರ್ಷದ ಹಿಂದೆ ನಮ್ಮ ಬನಶಂಕರಿಯ ಹೂವಿನ ಸಾಲಿನಲ್ಲಿ ಬಾಂಬಿಟ್ಟು ಹೋದವನು, ಆಮೇಲೆ ಬಾಂಬಿಡುವವರಿಗೆಲ್ಲ ನಾಯಕನಾದವನು, ಸತ್ತ, ನಮ್ಮವರು ಒಬ್ಬರಿಗೂ ಗಾಯವಿಲ್ಲದೆ ವಾಪಸ್ಸು ಬಂದಿದ್ದಾರೆ ಎಂದು ವಾರ್ತೆಯ ಹುಡುಗಿ ಓದುತ್ತಿದ್ದಾಳೆ, ಯಾರೋ ಚಪ್ಪಾಳೆ ಹೊಡೆದರು, ಎಲ್ಲರೂ ಹೊಡೆದರು, ನಾನು ಮಾತ್ರ ಲೋಟ ಹಿಡಿದುಕೊಂಡು — ಬಂತು, ಮತ್ತೆ ಬಂತು, ಸತ್ತವನ ಮುಖವಲ್ಲ, ಯಾವುದೋ ಹಳೆಯ ಪಾಸ್‌ಪೋರ್ಟಿನ ಚಿತ್ರ, ಪಕ್ಕದಲ್ಲಿ ಕಿವಿಯನ್ನು ದೊಡ್ಡದು ಮಾಡಿ ಸುತ್ತ ಹಳದಿ ಗೆರೆ ಎಳೆದಿದ್ದಾರೆ, ಮೇಲಿನ ಅಂಚು ಬಾಡಿದ ಸಂಪಿಗೆಯ ದಳದಂತೆ ಮುಂದಕ್ಕೆ ಮಡಚಿಕೊಂಡಿದೆ, ಕೆಳಗೆ ಹಾಲೆಯೇ ಇಲ್ಲ, ಕೆನ್ನೆಗೆ ಅಂಟಿಹೋಗಿದೆ, ಎಡಗಿವಿಯ ಆಕಾರದಿಂದಲೇ ಗುರುತು ದೃಢಪಟ್ಟಿದೆ ಎನ್ನುತ್ತಿದ್ದಾಳೆ ಹುಡುಗಿ, ಬೆಂಗಳೂರಿನ ಹೂ ಮಾರುವ ಮಹಿಳೆಯೊಬ್ಬರು ಅಂದು ಕೊಟ್ಟ ಹೇಳಿಕೆ ಕಡತದಲ್ಲಿತ್ತು, ತಿಂಗಳುಗಟ್ಟಲೆ ಅವನ ಮೇಲೆ ಕಣ್ಣಿಟ್ಟವರು ಅದನ್ನು ತೆಗೆದು ತಾಳೆ ನೋಡಿದರು, ಆ ಮಹಿಳೆಯ ಕಣ್ಣಿಗೆ ದೇಶ ಋಣಿ. ದೇಶ ಋಣಿ ಎಂದಳು. ನಾಗಲಕ್ಷ್ಮಮ್ಮ, ಕೇಳಿಸಿತೇ ನಿಮಗೆ.

ಪಕ್ಕದಲ್ಲಿ ನಿಂತಿದ್ದ ಹೆಲ್ಮೆಟ್ಟಿನವನಿಗೆ ಯಾಕೆ ಹೇಳಿದೆನೋ, ಬಾಯಿಂದ ಜಾರಿಬಿಟ್ಟಿತು, ಆ ಕಿವಿ ನಾನು ಬರೆದಿದ್ದೆ ಕಣಪ್ಪ, ಏನ್ ಸಾರ್ ಎಂದ, ಡ್ರಾಯಿಂಗ್ ಮೇಷ್ಟ್ರು ನಾನು, ಆ ಹೂವಿನಮ್ಮ ಹೇಳ್ತಾ ಹೋದ್ರು, ಪೊಲೀಸರು ನನ್ನ ಕೈಲಿ ಬರೆಸಿದ್ರು, ಎಂದೆ, ಅಷ್ಟೇ, ಗುರು ಇಲ್ಲಿ ನೋಡಿ, ಸಾರೇ ಅವನ ಮುಖ ಬರೆದಿದ್ದಂತೆ ಎಂದು ಅವನು ಕೂಗಿದ, ಹತ್ತು ಕೈ ನನ್ನ ಕೈ ಹಿಡಿದವು, ಕ್ಯಾಷಿನಲ್ಲಿದ್ದ ಗಂಗಾಧರಯ್ಯ ಎದ್ದು ಬಂದು ತಾನೇ ಕೇಸರಿಬಾತಿನ ತಟ್ಟೆ ನನ್ನ ಮುಂದಿಟ್ಟ, ಇಪ್ಪತ್ತು ವರ್ಷದಿಂದ ಬರ್ತಿದೀರ, ಒಂದು ದಿನ ಹೇಳಿಲ್ವಲ್ಲ ಮೇಷ್ಟ್ರೆ, ಎಂಥಾ ಕೆಲಸ ಮಾಡಿದೀರ, ಎಂದ, ಫೋನುಗಳು ಮೇಲೆದ್ದವು, ನಾನು ನಕ್ಕೆ, ಹೌದು, ನಕ್ಕೆ, ಎದೆ ಉಬ್ಬಿತು, ಅರವತ್ತೈದು ವರ್ಷಕ್ಕೆ ಮೊದಲ ಸಲ ನನ್ನ ಕೈಗೆ ಚಪ್ಪಾಳೆ, ಕೇಸರಿಬಾತು ಬಿಸಿಯಾಗಿತ್ತು, ತುಪ್ಪ ಜಿನುಗುತ್ತಿತ್ತು, ಎರಡನೇ ತುತ್ತಿಗೆ ತಟ್ಟೆ ಆಚೆ ಸರಿಸಿದೆ. ಬರೆದದ್ದು ನಿಜ. ಬದಲಿಸಿದವನು ಯಾರು ಎಂದು ಇವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಒಂಬತ್ತು ಗಂಟೆ ಹೊತ್ತು ಕೂತಿದ್ದೆವು ಆವತ್ತು ಸ್ಟೇಷನ್ನಿನಲ್ಲಿ, ನಾಗಲಕ್ಷ್ಮಮ್ಮ ಬೆಂಚಿನ ಮೇಲೆ, ನಾನು ಎದುರಿಗೆ, ತೊಡೆಯ ಮೇಲೆ ಹಲಗೆ, ಸ್ಫೋಟವಾಗಿ ಎರಡು ದಿನವಾಗಿತ್ತು, ಅವಳ ಗಂಡ ಹನುಮಯ್ಯನ ದೇಹ ಇನ್ನೂ ಕೈಗೆ ಸಿಕ್ಕಿರಲಿಲ್ಲ, ಬಲಗೈಗೆ ಬ್ಯಾಂಡೇಜು, ಎರಡೂ ಕಿವಿಯಲ್ಲಿ ಹತ್ತಿ, ನಾನು ಕೂಗಿ ಕೇಳಬೇಕು, ಅವಳು ಕಣ್ಣು ಮುಚ್ಚಿಕೊಂಡು ಮೆಲ್ಲಗೆ ಹೇಳುತ್ತಾಳೆ, ಹುಬ್ಬು ಇಷ್ಟು ದಪ್ಪ ಇಲ್ಲ ಸಾರ್, ಗಲ್ಲ ಇನ್ನೂ ಚೂಪು, ಹಾಂ, ಈಗ ಕಿವಿ, ಮೇಲ್ಗಡೆ ಸಂಪಿಗೆ ಬಾಡಿದ್ರೆ ಮುಂದಕ್ಕೆ ಮಡಚ್ಕೊಳ್ಳುತ್ತಲ್ಲ ಹಂಗೆ, ಇಷ್ಟು ಸರಿಯಾಗಿ ಹೆಂಗಮ್ಮ ನೋಡಿದ್ರಿ ಎಂದರೆ, ಹೂ ಕಟ್ಟೋರ ಕಣ್ಣು ಸಾರ್, ಬೆಳಕಿಲ್ದಿದ್ರೂ ಯಾವ ಮೊಗ್ಗು ನಾಳೆ ಅರಳುತ್ತೆ ಅಂತ ಹೇಳ್ತೀವಿ, ಎಂದಿದ್ದಳು, ಸಂಜೆಗೆ ಮುಖ ಮುಗಿಯಿತು, ಅವಳು ಕಣ್ಣು ತೆರೆದು ನೋಡಿದಳು, ಇವ್ನೇ, ಎಂದಳು. ಅವಳನ್ನು ಮನೆಗೆ ಕಳಿಸಿದ ಮೇಲೆ ಒಬ್ಬ ದೊಡ್ಡ ಪೊಲೀಸ್ ಅಧಿಕಾರಿ ಬಂದರು, ಚಿತ್ರವನ್ನು ಬೆಳಕಿಗೆ ಹಿಡಿದರು, ಏನ್ರೀ ಮೇಷ್ಟ್ರೆ ಇದು, ಮನುಷ್ಯರ ಕಿವಿ ಹಿಂಗಿರುತ್ತಾ, ಗಂಡನ್ನ ಕಳ್ಕೊಂಡಿದಾಳೆ, ತಲೆ ಸರಿ ಇಲ್ಲ, ನಾಳೆ ಪೇಪರಿನೋರು ನಗ್ತಾರೆ, ಮಾಮೂಲಿ ಕಿವಿ ಹಾಕಿ ಕೊಡಿ, ಎಂದರು. ನಾನು ಅಲ್ಲ ಸಾರ್ ಎಂದೆನೇ, ಎಂದಿರಬೇಕು, ಒಂದು ಸಲ, ಗಂಟಲೊಳಗೇ, ಅಷ್ಟರಲ್ಲಿ ಕೈ ಹೊಸ ಹಾಳೆ ಎಳೆದುಕೊಂಡಿತ್ತು, ಅದೇ ಮುಖ, ಅದೇ ಗಲ್ಲ, ಎಂಟನೇ ತರಗತಿಯ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸುವ ಕಿವಿ, ಕೆಳಗೆ ನನ್ನ ರುಜು, ಟಿ. ತಿರುಮಲೇಶ, ಚಿತ್ರಕಲಾ ಶಿಕ್ಷಕ. ಮಾರನೆಯ ವಾರ ಬಸ್ ಸ್ಟಾಪುಗಳಲ್ಲೆಲ್ಲ ಅದೇ ಅಂಟಿತ್ತು, ಅವಳು ನನ್ನ ಸ್ಕೂಲಿಗೆ ಬಂದಳು, ಗೇಟಿನ ಹತ್ತಿರ ನಿಂತು, ಸಾರ್ ಇದ್ಯಾರು, ಎಂದು ಕೇಳಿದಳು, ಮೇಲಿನೋರು ಹೇಳಿದ್ರಮ್ಮ ಎಂದೆ, ತಿರುಗಿ ನಡೆದಳು. ಅವಳು ಮಾತ್ರ ಬಿಡಲಿಲ್ಲ, ಸ್ಟೇಷನ್ನಿಗೆ, ಪೇಪರಿನವರ ಹತ್ತಿರ, ಸಿಕ್ಕವರಿಗೆಲ್ಲ ಕಿವಿ, ಕಿವಿ ಎಂದಳು, ಮಾರ್ಕೆಟ್ಟಿನವರು ಕಿವಿ ನಾಗಲಕ್ಷ್ಮಿ ಎಂದು ಹೆಸರಿಟ್ಟು ನಕ್ಕರು, ಆ ನಗು ತಡೆಯಲಾರದೆ ಬನಶಂಕರಿ ಬಿಟ್ಟು ಅರೆಕೆರೆಗೆ ಹೋದಳಂತೆ. ಒಮ್ಮೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಎದುರಿಗೆ ಬರುತ್ತಿದ್ದಳು, ತಲೆಯ ಮೇಲೆ ಸೇವಂತಿಗೆ ಕುಕ್ಕೆ, ನಾನು ರಸ್ತೆ ದಾಟಿಬಿಟ್ಟೆ.

ಮನೆಗೆ ಬಂದಾಗ ಅನ್ನಪೂರ್ಣ ಬಾಗಿಲಲ್ಲೇ ನಿಂತಿದ್ದಳು, ನೋಡಿದ್ರಾ, ಎಂದಳು, ಮೂವತ್ತೆಂಟು ವರ್ಷದ ಹೆಂಡತಿಗೆ ನನ್ನ ಮುಖ ಬಿಡಿಸಿ ಹೇಳಬೇಕಾಗಿಲ್ಲ, ಸ್ಟೂಲು ತಂದು ಹಿಡಿದುಕೊಂಡಳು, ನಾನು ಹತ್ತಿ ಬೀರುವಿನ ಮೇಲಿನಿಂದ ಹಳೆಯ ಕ್ಯಾಲೆಂಡರಿನ ಸುರುಳಿ ಇಳಿಸಿದೆ, ಒಳಗೆ ಮೊದಲ ಹಾಳೆ, ಆ ದಿನ ಹರಿಯಲಾರದೆ ಹಲಗೆಯ ಕವರಿನಲ್ಲಿ ಬಚ್ಚಿಟ್ಟು ತಂದದ್ದು, ಅಂಚು ಹಳದಿಯಾಗಿದೆ, ಕಿವಿ ಹಾಗೇ ಇದೆ. ಬರೀ ಕಾಗದ ಕೊಟ್ಟು ಬರಬೇಡಿ, ಹೇಳಬೇಕಾದ್ದನ್ನ ಹೇಳ್ಬಿಡಿ, ಎಂದಳು ಅನ್ನಪೂರ್ಣ. ಹೊರಗೆ ಪಟಾಕಿ, ಗುಡ್ಡದ ದೇವಸ್ಥಾನದಲ್ಲಿ ಗಂಟೆ ಬಿಡದೆ ಹೊಡೆಯುತ್ತಿದೆ, ಆಟೋದವನು ಹ್ಯಾಂಡಲಿಗೆ ಬಾವುಟ ಕಟ್ಟಿದ್ದಾನೆ, ಹತ್ತಿ ಸಾರ್, ಇವತ್ತು ಎಲ್ಲಿಗಂದ್ರೂ ಬರ್ತೀನಿ, ಯುವರಾಜ್ ಅವನ ಹೆಸರು, ಮಾತೇ ಮಾತು, ಸಖತ್ ಹೊಡೆದ್ರು ಸಾರ್ ನಮ್ಮೋರು, ಇಪ್ಪತ್ತು ನಿಮಿಷದಲ್ಲಿ ಮುಗಿಸಿ ಬಂದವ್ರೆ, ಎಂದು ಕನ್ನಡಿಯಲ್ಲಿ ನಗುತ್ತಾನೆ, ಜೆ.ಪಿ. ನಗರದ ಸಿಗ್ನಲ್ಲಿನಲ್ಲಿ ಟ್ರಾಫಿಕ್ ಪೊಲೀಸರ ಬಾಯಿಗೆ ಒಬ್ಬ ಅಜ್ಜಿ ಲಾಡು ಇಡುತ್ತಿದ್ದಾಳೆ, ಅಪಾರ್ಟ್‌ಮೆಂಟಿನ ಬಾಲ್ಕನಿಗಳಲ್ಲಿ ತಟ್ಟೆ ಬಡಿಯುತ್ತಿದ್ದಾರೆ, ಸ್ಕೂಲ್ ಬಸ್ಸಿನ ಮಕ್ಕಳು ಕಿಟಕಿಯಿಂದ ಕೈ ಬೀಸುತ್ತ ಜೈ ಎನ್ನುತ್ತಿವೆ, ಪಕ್ಕದ ಬೈಕಿನವನು ಗುರುತು ಪರಿಚಯವಿಲ್ಲದ ನನ್ನ ಕೈ ಕುಲುಕಿ ಹೋದ, ಇಡೀ ಊರಿಗೆ ಒಂದೇ ಮನೆಯ ಮದುವೆಯ ಹಾಗಾಗಿದೆ, ನನಗೂ ಒಳಗೆ ಉಕ್ಕುತ್ತಿದೆ, ಸುಳ್ಳೇಕೆ, ಅವನು ಸತ್ತ ಎಂಬುದೇ ಸಿಹಿ, ಹದಿನಾಲ್ಕು ಜನರನ್ನು ಹೂವಿನ ಮಧ್ಯೆ ಕೊಂದವನು, ಇನ್ನು ಯಾವ ಊರಿನ ಯಾವ ಸಂತೆಗೂ ಅವನು ಬರುವುದಿಲ್ಲ, ಮಡಿಲಲ್ಲಿ ಸುರುಳಿ, ಬೆರಳು ತಾನಾಗಿ ಅದರ ಮೇಲೆ ಕಿವಿಯ ಗೆರೆ ಎಳೆಯುತ್ತಿದೆ, ಅದೇನ್ ಸಾರ್ ಕೈಯಲ್ಲಿ, ಎಂದ ಯುವರಾಜ್, ದರ್ಶಿನಿಯಲ್ಲಿ ಹೇಳಿದ್ದನ್ನೇ ಹೇಳಬಹುದಿತ್ತು, ಹೂವಿನಮ್ಮನಿಗೆ ಸೇರಬೇಕಾದ್ದು, ಎಂದೆ.

ಅರೆಕೆರೆಯಲ್ಲಿ ವಿಳಾಸ ಕೇಳಬೇಕಾಗಲಿಲ್ಲ, ಬನ್ನೇರುಘಟ್ಟ ರಸ್ತೆಯಿಂದ ಒಳಗೆ ತಿರುಗಿದ ಕೂಡಲೇ ತಮಟೆ, ದೇವಸ್ಥಾನದ ಪಕ್ಕದ ಹೂವಿನಂಗಡಿಯ ಮುಂದೆ ನೂರು ಜನ, ಟಿವಿಯವರ ಕ್ಯಾಮೆರಾ, ಅವರ ನಡುವೆ ನೀಲಿ ಸೀರೆಯ ನಾಗಲಕ್ಷ್ಮಮ್ಮ, ಕೂದಲು ಅರ್ಧ ನೆರೆತಿದೆ, ಕೊರಳ ತುಂಬ ಹಾರ, ಹೂ ಮಾರುವವಳಿಗೆ ಯಾರು ಹಾರ ಹಾಕುತ್ತಾರೆ, ಇವತ್ತು ಹಾಕಿದ್ದಾರೆ, ಅವಳಂಗಡಿಯದೇ ಸುಗಂಧರಾಜ, ಬನಶಂಕರಿ ಮಾರ್ಕೆಟ್ಟಿನಿಂದ ಟೆಂಪೋದಲ್ಲಿ ಬಂದಿಳಿದವರಿದ್ದಾರೆ, ಹಳೆಯ ವ್ಯಾಪಾರಿ ಸಿದ್ದರಾಜು ಎಲ್ಲರೆದುರು ಕೈ ಮುಗಿದು, ಅಕ್ಕ, ಆ ಹೆಸರಿಟ್ಟೋನು ನಾನೇ, ತಪ್ಪಾಯ್ತು, ಎನ್ನುತ್ತಿದ್ದಾನೆ, ಅವಳು ನಕ್ಕು, ಇನ್ಮೇಲೆ ಹಂಗೇ ಕರಿ, ಜೋರಾಗಿ ಕರಿ, ಎಂದಳು, ಗುಂಪು ಕಿವಿ ನಾಗಲಕ್ಷ್ಮಮ್ಮಂಗೆ ಜೈ ಎಂದಿತು, ಅವಳು ತಲೆ ಎತ್ತಿಯೇ ನಿಂತಿದ್ದಳು. ಆಮೇಲೆ ನನ್ನನ್ನು ನೋಡಿದಳು. ಗುರುತು ಹಿಡಿಯಲು ಅವಳಿಗೆ ಎಷ್ಟು ಹೊತ್ತು ಬೇಕು. ಬನ್ನಿ ಮೇಷ್ಟ್ರೆ, ಎಂದಳು. ನಾನು ಸುರುಳಿ ಬಿಚ್ಚಿ ಎತ್ತಿ ಹಿಡಿದೆ, ಕ್ಯಾಮೆರಾ ಇತ್ತ ತಿರುಗಿತು, ಗುಂಪಿನಲ್ಲಿ ಒಂದು ಉಸಿರು ಎದ್ದಿತು, ಅಚ್ಚು ಅದೇ, ಅಚ್ಚು ಅದೇ ಎಂದರು, ಇದು ಇವರು ಹೇಳಿದ್ದು, ಇದನ್ನ ತೆಗೆದುಹಾಕಿ ಬೇರೆ ಕಿವಿ ಬರೆದುಕೊಟ್ಟೋನು ನಾನು, ದೊಡ್ಡೋರು ಹೇಳಿದ್ರು, ನಾನು ಹೆದರಿದೆ, ಇವರು ಹೆದರಲಿಲ್ಲ, ಎಂದೆ, ಎಲ್ಲರಿಗೂ ಕೇಳುವಷ್ಟು ಜೋರಾಗಿಯೇ ಬಂತು ದನಿ, ತಮಟೆ ನಿಂತಿತು, ಯಾರೋ ಥೂ ಎಂದರು, ಬೈಯಲಿ, ಅದು ನನ್ನದು. ಅವಳು ಹಾಳೆ ತೆಗೆದುಕೊಂಡು ಕಿವಿಯ ಮೇಲೆ ಬೆರಳಾಡಿಸಿದಳು, ಇದನ್ನ ಹರೀಲಿಲ್ವಲ್ಲ ನೀವು, ಎಂದಳು, ಇಲ್ಲಮ್ಮ, ಎಂದೆ, ಹಾಗಾದ್ರೆ ಪೆನ್ನು ಕೊಡಿ, ಎಂದಳು, ಆವತ್ತು ಹೆಬ್ಬೆಟ್ಟು ಒತ್ತುತ್ತಿದ್ದವಳು, ನನ್ನ ಪೆನ್ನು ಹಿಡಿದು ಚಿತ್ರದ ಕೆಳಗೆ ಒಂದೊಂದೇ ಅಕ್ಷರ ಬರೆದಳು, ಒತ್ತಕ್ಷರವೂ ಸರಿಯಾಗಿತ್ತು, ಈಗ ನೀವೂ ಹಾಕಿ, ಎಂದಳು, ಅವಳ ಹೆಸರಿನ ಕೆಳಗೆ ನಾನು ರುಜು ಹಾಕಿದೆ, ತಮಟೆ ಮತ್ತೆ ಶುರುವಾಯಿತು, ಈ ಸಲದ ಚಪ್ಪಾಳೆಗೆ ನಾನು ತಲೆ ತಗ್ಗಿಸಬೇಕಾಗಿರಲಿಲ್ಲ.

ಜನ ಸಿಹಿಯ ಕಡೆ ಸರಿದ ಮೇಲೆ ಅವಳು ನನಗೊಂದು ಸ್ಟೂಲು ಹಾಕಿ ತಾನು ಚೀಲದ ಮೇಲೆ ಕೂತಳು, ಗೋಡೆಯ ಮೇಲೆ ಹನುಮಯ್ಯನ ಫೋಟೋ, ದಪ್ಪ ಮೀಸೆ, ಮೇಲಿನ ಗುಂಡಿ ಹಾಕಿದ ಬಿಳಿ ಅಂಗಿ, ಕೊರಳಿನ ಹಾರಗಳನ್ನೆಲ್ಲ ತೆಗೆದು ಅವಳು ಅದಕ್ಕೆ ಹಾಕಿದಳು, ಮೀಸೆಯವರೆಗೂ ಹೂ, ಮೇಷ್ಟ್ರೆ, ಒಂಬತ್ತು ಗಂಟೆ ಕೂತಿದ್ವಲ್ಲ, ನೀವು ಒಂದು ಮಾತು ಕೇಳ್ಲಿಲ್ಲ, ಎಂದಳು, ಬೆನ್ನು ಹಾಕ್ಕೊಂಡು ಹೋಗ್ತಿದ್ದೋನ ಮುಖ ನಂಗೆ ಹೆಂಗೆ ಕಾಣ್ತು ಅಂತ. ಹೌದು, ಕೇಳಿರಲಿಲ್ಲ, ಮುಖ ಸಿಕ್ಕ ಆತುರದಲ್ಲಿ ಯಾರೂ ಕೇಳಿರಲಿಲ್ಲ. ನಾನು ಕೂಗ್ದೆ, ಅಣ್ಣಾ, ಬ್ಯಾಗು ಮರೆತ್ರಿ ಅಂತ, ಅವನು ತಿರುಗಿ ನೋಡ್ದ, ನೋಡಿ ಇನ್ನೂ ಬಿರಬಿರನೆ ನಡೆದ, ಪಾಪ ಕೇಳಿಸ್ಲಿಲ್ವೇನೋ, ಓಡೋಗಿ ಕೊಟ್ಬಿಟ್ಟು ಬನ್ನಿ ಅಂತ ನಮ್ಮ ಯಜಮಾನ್ರಿಗೆ ನಾನೇ ಹೇಳ್ದೆ. ಹದಿನೇಳು ವರ್ಷ ಇದನ್ನ ಯಾರಿಗೂ ಹೇಳಿಲ್ಲ, ನಾನು ಕೂಗದೇ ಇದ್ದಿದ್ರೆ ಅವರು ಇರ್ತಿದ್ರು ಅಂತ ಒಳಗೇ ಸುಟ್ಕೊಂಡೆ, ಇವತ್ತು ಬೆಳಿಗ್ಗೆ ಗೊತ್ತಾಯ್ತು, ನಾನು ಕೂಗಿದ್ದಕ್ಕೇ ಅವನು ತಿರುಗಿದ್ದು, ತಿರುಗಿದ್ದಕ್ಕೇ ಇವತ್ತು ಸಿಕ್ಕಿದ್ದು, ನಮ್ಮೋರು ಸುಮ್ನೆ ಹೋಗ್ಲಿಲ್ಲ ಮೇಷ್ಟ್ರೆ, ಎಂದು ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಯಾರೋ ಮಲ್ಲಿಗೆ ಕೇಳುತ್ತಿದ್ದರು, ಬಂದೆ, ಎಂದು ಅತ್ತ ಹೋದಳು, ಹೊರಗೆ ಮತ್ತೆ ಜೈಕಾರ, ತಮಟೆ, ಪಟಾಕಿಯ ಹೊಗೆ, ಯುವರಾಜನೂ ಕುಣಿಯುತ್ತಿದ್ದಾನೆ, ನಾನು ಸ್ಟೂಲಿನ ಮೇಲೆ ಕೂತಿದ್ದೇನೆ, ಕೈ ಗಾಳಿಯಲ್ಲಿ ಗೆರೆ ಎಳೆಯುತ್ತಿದೆ, ಹೂವಿನ ಸಾಲು, ಜನ, ದಪ್ಪ ಮೀಸೆ, ಬಿಳಿ ಅಂಗಿ, ಒಂದು ಕೈಯಲ್ಲಿ ಪಂಚೆಯ ತುದಿ, ಇನ್ನೊಂದು ಕೈ ತಲೆಗಿಂತ ಮೇಲೆ, ಅದರಲ್ಲಿ ಬ್ಯಾಗು, ಎಲ್ಲರಿಗೂ ಕಾಣುವ ಹಾಗೆ, ಅಣ್ಣಾ, ಅಣ್ಣಾ ಎಂದು ಓಡುತ್ತಿರುವ ಬಾಯಿ, ಉಪಕಾರ ಮಾಡುವವರ ಮುಖದ ಆ ನಗು, ಇಲ್ಲಿಂದ ಮುಂದಕ್ಕೆ ಗೆರೆ ಹೋಗುವುದಿಲ್ಲ, ಮತ್ತೆ ಮೀಸೆ, ಮತ್ತೆ ಅಂಗಿ, ಮೇಲೆತ್ತಿದ ಕೈ, ಅಣ್ಣಾ, ನಿಮ್ಮ ಬ್ಯಾಗು, ಮೇಲೆತ್ತಿದ ಕೈ