ಹಾವಿನ ಹುಡುಗಿಯ ಮೇಜು

ಅಕ್ಷಯಾಳ ಕಾಲು ಬೆಳಗಿನಿಂದ ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹಳೆಯ ಡೇರೆಗಳ ವಿಚಿತ್ರ ಪ್ರದರ್ಶನಗಳ ಬಗ್ಗೆ ಕೌಲಾಲಂಪುರದಲ್ಲಿ ತಯಾರಾಗುತ್ತಿದ್ದ ಭಯಾನಕ ಧಾರಾವಾಹಿಗೆ ನಿಜಸಂಗತಿ ಹುಡುಕಿಕೊಡುವುದು ಅವಳ ಕೆಲಸ. ಮೂರನೆಯ ಕಂತು ಹಾವಿನ ಹುಡುಗಿಯದು: ಹೆಣ್ಣಿನ ತಲೆ, ಹಾವಿನ ಮೈ. ೧೯೬೫ರಲ್ಲಿ ಅವಳೇ ಡೇರೆಗೆ ಬೆಂಕಿಯಿಟ್ಟು ಹರಿದುಹೋದಳೆಂದು ಹಳಬರು ಇಂದಿಗೂ ಹೇಳುತ್ತಾರೆ. ನಿರ್ದೇಶಕ ಸಂಜಯ್‌ಗೆ ಬೇಕಾದದ್ದೂ ಅದೇ. ಆದರೆ ಮೈಸೂರು ಕಡೆಯಿಂದ ಹಡಗು ಹತ್ತಿ ಬಂದ ಡೇರೆಯವರ ಆ ಹುಡುಗಿ ಅದೇ ಊರಿನ ಬ್ರಿಕ್‌ಫೀಲ್ಡ್ಸ್ ಬಡಾವಣೆಯಲ್ಲಿ, ಹೂವಿನಂಗಡಿಯ ಮೇಲಿನ ಮನೆಯಲ್ಲಿ, ಎಪ್ಪತ್ತಾರರ ಚಂಪಜ್ಜಿಯಾಗಿ ಬದುಕಿದ್ದಳು. ಅದನ್ನು ಅಕ್ಷಯಾ ಪತ್ತೆಹಚ್ಚಿದ್ದಳು; ಸಂಜಯ್‌ಗೆ ಇನ್ನೂ ಹೇಳಿರಲಿಲ್ಲ. ಅಜ್ಜಿ ಬಾಯಿಬಿಡದಿದ್ದರೆ ಸಂಜೆಯೊಳಗೆ ಬೆಂಕಿಯಿಟ್ಟವಳೆಂದೇ ಚಿತ್ರೀಕರಣ ಮುಗಿದುಹೋಗುತ್ತಿತ್ತು.

ಅಜ್ಜಿಯದು ಒಂದೇ ಹಟ. "ಆಟದ ಗುಟ್ಟು ಹೊರಗೆ ಹೇಳಲ್ಲ ಅಂತ ದೀಪ ಮುಟ್ಟಿ ಮಾತು ಕೊಟ್ಟಿದೀನಿ ಕಣಮ್ಮ. ನನ್ನ ಮಕ್ಕಳಿಗೇ ಹೇಳಿಲ್ಲ."

"ಹೇಳ್ಬೇಡಿ ಅಜ್ಜಿ. ಸುಮ್ನೆ ಶೂಟಿಂಗ್ ನೋಡಿ, ಮಾಮಕ್ ಹೋಟ್ಲಲ್ಲಿ ಟೀ ಕುಡ್ದು ಬರೋಣ" ಎಂದು ಅಕ್ಷಯಾ ಪುಸಲಾಯಿಸಿ ಕರೆತಂದಳು.

ಸೆಟ್ಟಿನ ಮೇಜು ಕಂಡದ್ದೇ ತಡ, ಅಜ್ಜಿ ಮುಖ ಸಿಂಡರಿಸಿದಳು. ಮೇಜಿನಡಿ ಎರಡು ಕನ್ನಡಿ ಓರೆಯಾಗಿ ನಿಲ್ಲಿಸಿದ್ದರು. ಅವುಗಳ ಹಿಂದೆ ಕೂತವಳು ಮರೆಯಾಗಿ, ಕೆಳಗೆಲ್ಲ ಖಾಲಿ ಎನ್ನಿಸಬೇಕು. ಮೊಬೈಲಿನಲ್ಲಿ ನೋಡಿ ಕಲಿತ ವಿದ್ಯೆಯಲ್ಲವೇ, ಕನ್ನಡಿ ಕನ್ನಡಿಯಾಗಿಯೇ ಕಾಣುತ್ತಿತ್ತು.

"ಯಾರಪ್ಪ ಇದನ್ನ ಕಟ್ಟಿದ್ದು? ಹಿಂದಿನ ಪರದೆ ಕೆಂಪು, ಪಕ್ಕದ್ದು ನೀಲಿ. ಕನ್ನಡೀಲಿ ಕಾಣೋದು ಪಕ್ಕದ್ದೇ ಅಲ್ವಾ? ಮೂರು ಕಡೆಗೂ ಒಂದೇ ಬಟ್ಟೆ ಹಾಕ್ಬೇಕು. ಕನ್ನಡಿ ಸೇರೋ ಗೆರೆ ಮೇಜಿನ ಕಾಲಿನ ಹಿಂದೆ ಅಡಗ್ಬೇಕು."

ಅಜ್ಜಿ ಸೆರಗು ಸಿಕ್ಕಿಸಿ ಎಲ್ಲರನ್ನೂ ಓಡಾಡಿಸಿದಳು, ಪರದೆ ಬದಲಾಯಿಸಿದಳು, ಕೊನೆಗೆ ತಾನೇ ಒಳಗೆ ತೂರಿ ಮೇಜಿನ ತೂತಿನಿಂದ ತಲೆ ಎತ್ತಿದಳು. ಬಟ್ಟೆಯ ಹಾವು ಕತ್ತಿನ ಸುತ್ತ ಬಂತು. ಕೆಳಗೆ ಏನೂ ಇಲ್ಲ. ತಲೆ ಮಾತ್ರ ಕಣ್ಣು ಮಿಟುಕಿಸಿತು. ಎಲ್ಲರ ಮೈ ಜುಮ್ಮೆಂದಿತು. ಅಕ್ಷಯಾಳಿಗೆ ಕುಣಿಯಬೇಕೆನ್ನಿಸಿತು.

"ಅಜ್ಜಿ, ನೀವು ಯಾರು?" ಎಂದ ಸಂಜಯ್.

ಅಕ್ಷಯಾ ಉತ್ತರವನ್ನು ಅಜ್ಜಿಗೇ ಬಿಟ್ಟಳು.

"ಬೆಂಕಿ ಇಟ್ಟೋಳು ಅಂತೀರಲ್ಲ, ಅವಳೇ. ಗುಟ್ಟು ನಿಮ್ಮ ಮೊಬೈಲಲ್ಲೇ ಇದೆ, ಇನ್ನು ನಾನೇನು ಮುಚ್ಚೋದು? ಲಾಂದ್ರ ಬಿದ್ದು ಪರದೆ ಹತ್ಕೊಳ್ತು. ದೊಡ್ಡೋರೆಲ್ಲ ಓಡೋದ್ರು, ಮುಂದಿನ ಸಾಲಲ್ಲಿ ಎರಡು ಮಕ್ಕಳು ಉಳ್ಕೊಂಡ್ವು. ಪ್ರಾಣ ಹೋದ್ರೂ ಜನರ ಮುಂದೆ ಏಳಬಾರದು ಅನ್ನೋದು ನಮ್ಮ ಕಟ್ಟುಪಾಡು. ನಾನು ಎದ್ದೆ. ಕನ್ನಡಿ ಒದ್ದು ಎರಡನ್ನೂ ಎತ್ಕೊಂಡು ಓಡ್ದೆ. ಯಜಮಾನ ಮಾರನೇ ದಿನ ನನ್ನ ಹೊರಗೆ ಹಾಕ್ದ. ಹಾವೇ ಬೆಂಕಿ ಇಡ್ತು ಅಂತ ಊರೆಲ್ಲ ಸಾರಿ, ಹೊಸ ಹುಡುಗಿನ ಕೂರಿಸ್ದ."

ಸಂಜಯ್ ಕೈಯಲ್ಲಿದ್ದ ಚಿತ್ರಕಥೆಯ ಹಾಳೆಗಳನ್ನು ಕುರ್ಚಿಯ ಮೇಲಿಟ್ಟ. "ಹೇಗೆ ಎದ್ರಿ ಅಂತ ತೋರಿಸ್ತೀರಾ?"

ಕ್ಯಾಮೆರಾದ ಕೆಂಪು ದೀಪ ಹತ್ತಿತು. ಅಜ್ಜಿ ಕನ್ನಡಿ ಸರಿಸಿ ಹೊರಬಂದು, ಅಕ್ಷಯಾಳ ಭುಜ ಹಿಡಿದು, ನೋಯುವ ಮಂಡಿಗಳ ಮೇಲೆ ನೆಟ್ಟಗೆ ನಿಂತಳು.

"ಚಂಪಾ ಅಂತ ಹೆಸರು ಹಾಕಿ" ಎಂದಳು. "ನನ್ನ ಮಕ್ಕಳು ನೋಡ್ತಾರೆ."